ಕುರ್ಚಿಯಿಂದ ಏಳದ ಬೀಗಿತ್ತಿ

ಅಕ್ಕನ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಪ್ಲಾಸ್ಟರ್ ಅಚ್ಚುಗಳನ್ನು ಮುಂದಿಟ್ಟುಕೊಂಡು, ಗುಲಾಬಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ ಪೂರ್ತಿ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಾಯಿ ಒಪ್ಪದಂಥ ಕೆಲಸ ಅದು. ಅಲ್ಲಿನ ಶಿಸ್ತನ್ನು ಅವಳು ಅಡುಗೆಮನೆಗೂ ತಂದಿದ್ದಳು. ಉಪ್ಪನ್ನು ಕೂಡ ತೂಗಿಯೇ ಹಾಕುತ್ತಿದ್ದಳು. ಹೀಗಾಗಿ ತಮ್ಮ ಅವಳಿಗೆ ‘ತಕ್ಕಡಿ’ ಎಂದು ಅಡ್ಡಹೆಸರಿಟ್ಟಿದ್ದ.

ಲ್ಯಾಬಿನ ಒಡತಿ ಒಮ್ಮೆ ಕೆಲಸಗಾರರನ್ನೆಲ್ಲ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದೊಯ್ದಿದ್ದಳು. ಅಲ್ಲಿ ಒಂದು ಬಟ್ಟಲು ಥಾಯ್ ಸೂಪು ಕುಡಿದದ್ದೇ ತಡ, ಅಕ್ಕನಿಗೆ ಹುಚ್ಚು ಹಿಡಿಯಿತು. ಹುಳಿ, ಖಾರ, ಉಪ್ಪು, ಸಿಹಿ ಎಲ್ಲವೂ ಒಟ್ಟಿಗೆ ಬಂದು, ಒಂದನ್ನೊಂದು ತಳ್ಳದೆ ನಾಲಿಗೆಯ ಮೇಲೆ ಕೂತಿದ್ದವು. ಅಲ್ಲಿಂದ ಮುಂದೆ ಬಿಡುವಿದ್ದಾಗಲೆಲ್ಲ ಅಡುಗೆ ವಿಡಿಯೋ ನೋಡುವುದೇ ಆಯಿತು. ಅಂಚೆಯಲ್ಲಿ ಒಣಗಿದ ಎಲೆಗಳು, ಬೇರುಗಳು, ಮೀನಿನ ಸಾಸಿನ ಬಾಟಲಿಗಳು ಬಂದವು. ಕಲ್ಲಿನ ಕುಟ್ಟಾಣಿಯೊಂದು ಬಂತು. ಅವಳು ಮಸಾಲೆ ಕುಟ್ಟುವ ಸದ್ದಿಗೆ ಕೆಳಗಿನ ಮನೆಯಾಕೆ ಮೇಲೆ ಬಂದು, ಗೋಡೆ ಒಡೆಸುತ್ತಿದ್ದೀರಾ ಎಂದು ವಿಚಾರಿಸಿದಳು. ತಮ್ಮ ಕಿಟಕಿ ತೆರೆದಿಟ್ಟುಕೊಂಡು ಊಟ ಮಾಡುವುದನ್ನು ರೂಢಿಸಿಕೊಂಡ. ಏನು ಬಡಿಸಿದರೂ ಅವನು ಫೋನಿನಿಂದ ತಲೆಯೆತ್ತದೆ ಚೆನ್ನಾಗಿದೆ ಎನ್ನುತ್ತಿದ್ದ. ಅಕ್ಕನಿಗೆ ಬೇಕಾಗಿದ್ದದ್ದು ಆ ಮಾತಲ್ಲ. ಇದು ಅಸಲಿ ರುಚಿ ಹೌದೋ ಅಲ್ಲವೋ ಎಂದು ಹೇಳಬಲ್ಲವರು ಯಾರೂ ಸುತ್ತಮುತ್ತ ಇರಲಿಲ್ಲ.

ಹೀಗಿರುವಾಗ ತಮ್ಮ ತನ್ನ ಆಫೀಸಿನಲ್ಲಿದ್ದ, ಕೆಲವು ವರ್ಷಗಳಿಂದ ಇಲ್ಲೇ ಇದ್ದು ಕನ್ನಡ ಕಲಿತಿದ್ದ ಥಾಯ್ ಹುಡುಗಿಯನ್ನು ಮೆಚ್ಚಿ ಮದುವೆಯಾದ. ತಂದೆ ತಾಯಿ ತೀರಿಕೊಂಡ ಮೇಲೆ ಮನೆಗೆ ಹಿರಿಯಳಾಗಿದ್ದ ಅಕ್ಕ ಎರಡು ಮಾತಾಡದೆ ಒಪ್ಪಿದಳು. ಗುರುವೇ ಮನೆಗೆ ಬಂದಳು ಎಂಬ ಖುಷಿಯೂ ಅದರಲ್ಲಿ ಸೇರಿತ್ತು. ಆದರೆ ಹುಡುಗಿ ಮೊದಲ ವಾರವೇ ನಿಜ ಹೇಳಿಬಿಟ್ಟಳು.

“ಅಕ್ಕಾ, ನೂಡಲ್ಸ್‌ಗೆ ಬಿಸಿನೀರು ಹಾಕೋದು ಬಿಟ್ರೆ ನಂಗೆ ಏನೂ ಬರಲ್ಲ. ಅಮ್ಮ ಒಲೆ ಹತ್ರ ಬಿಡ್ತಾನೇ ಇರ್ಲಿಲ್ಲ. ನೀನು ಓದು, ಇದು ನಂಗಿರ್ಲಿ ಅಂತಿದ್ಲು.”

ಅವಳ ಅಮ್ಮ ಬಸ್ ನಿಲ್ದಾಣದ ಬಳಿ ಸಣ್ಣ ಹೋಟೆಲು ಇಟ್ಟುಕೊಂಡು ಅಡುಗೆಯಲ್ಲೇ ಆಯುಷ್ಯ ಕಳೆದವರೆಂದೂ, ಈಗ ಅದನ್ನು ಮುಚ್ಚಿ ಕೆಲವು ತಿಂಗಳ ಮಟ್ಟಿಗೆ ಮಗಳ ಮನೆಗೆ ಬರುವವರಿದ್ದಾರೆಂದೂ ಆಮೇಲೆ ಗೊತ್ತಾಯಿತು. ಅಕ್ಕ ಬೀಗಿತ್ತಿಯ ದಾರಿ ಕಾಯತೊಡಗಿದಳು.

ಬೀಗಿತ್ತಿ ಬಂದರು. ಗಿಡ್ಡ ಆಳು, ಮೊಣಕೈವರೆಗೆ ಎಣ್ಣೆ ಸಿಡಿದ ಹಳೆಯ ಕಲೆಗಳು. ಮರುದಿನ ಅಕ್ಕ ತನ್ನಲ್ಲಿದ್ದ ಸಾಮಾನುಗಳನ್ನೆಲ್ಲ ಅಡುಗೆಕಟ್ಟೆಯ ಮೇಲೆ ಜೋಡಿಸಿ, ಹೊಸ ಏಪ್ರನ್ ಒಂದನ್ನು ಅವರ ಕೈಗೆ ಕೊಟ್ಟಳು. ಬೀಗಿತ್ತಿ ಅದನ್ನು ನೀಟಾಗಿ ಮಡಚಿ ಪಕ್ಕಕ್ಕಿಟ್ಟು, ಕಿಟಕಿ ಬಳಿಯ ಕುರ್ಚಿಯಲ್ಲಿ ಕೂತು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮಗಳು ಅದನ್ನು ದಾಟಿಸಲು ಸ್ವಲ್ಪ ಹಿಂದೆಮುಂದೆ ನೋಡಿದಳು.

“ಹೋಟ್ಲು ಮುಚ್ಚಿದ ದಿನವೇ ಸೌಟು ಕೆಳಗಿಟ್ಟೆ, ಇನ್ನು ಮುಟ್ಟಲ್ಲ ಅಂತಾಳೆ. ಬೇರೆಯವ್ರು ಮಾಡಿ ಹಾಕಿದ್ದನ್ನ ಕೂತು ತಿನ್ಬೇಕಂತೆ.”

ಅಕ್ಕನ ಮುಖ ಸಪ್ಪಗಾಯಿತು. ಆದರೂ ಅವರು ಕೇಳಿದ್ದರಲ್ಲಿ ತಪ್ಪೇನಿದೆ ಎಂದುಕೊಂಡು ಒಲೆ ಹಚ್ಚಿದಳು. ಒಂದು ದಿನ ಹುಳಿಖಾರದ ಸೂಪು, ಇನ್ನೊಂದು ದಿನ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೋಳಿ. ಬೀಗಿತ್ತಿ ಒಂದೆರಡು ಚಮಚ ರಸ ಕುಡಿದು, ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ನಗುತ್ತ ಕೈ ಮುಗಿದು ಏಳುತ್ತಿದ್ದರು. ಮುಂದಿನ ಊಟದಲ್ಲೂ ಅದೇ ಕಥೆ. ಪ್ರಯಾಣದ ಆಯಾಸ ಇರಬೇಕು ಎಂದ ತಮ್ಮ. ಅಕ್ಕ ನಂಬಲಿಲ್ಲ. ಇಷ್ಟು ವರ್ಷ ತಾನು ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇನೋ ಎನ್ನಿಸಿತು. ತೂಕ ಬದಲಿಸಿ ಮಾಡಿದಳು, ವಿಡಿಯೋಗಳನ್ನು ಮತ್ತೆ ನೋಡಿದಳು. ಹೋಳುಗಳು ಮಾತ್ರ ತಟ್ಟೆಯ ಅಂಚು ಬಿಡಲಿಲ್ಲ.

ರಜೆಯ ಒಂದು ಮಧ್ಯಾಹ್ನ ಎಲ್ಲರೂ ಚಹಾ ಕುಡಿಯುತ್ತಿದ್ದರು. ಬೀಗಿತ್ತಿ ಬಿಸ್ಕತ್ತನ್ನು ಅದು ಕರಗುವಷ್ಟು ಅದ್ದಿ, ಬಾಯಿಯ ಎಡಗಡೆಗೆ ಇಟ್ಟುಕೊಂಡು, ನಾಲಿಗೆಯಿಂದ ಬಲಗಡೆಯ ಏನನ್ನೋ ಮೇಲಕ್ಕೆ ಒತ್ತಿದರು. ಅದನ್ನು ನೋಡುತ್ತಿದ್ದಂತೆ ಅಕ್ಕ ಲೋಟ ಕೆಳಗಿಟ್ಟಳು. ಕಟ್ಟಿಸಿದ ಹಲ್ಲು ಒಸಡಿಗೆ ಉಜ್ಜುವವರು ಮಾತ್ರ ಹಾಗೆ ಮಾಡುತ್ತಾರೆ.

“ನಾನು ತಟ್ಟೆ ನೋಡ್ತಾ ಕೂತೆ, ಬಾಯಿ ನೋಡ್ಲೇ ಇಲ್ಲ,” ಎಂದು ತಮ್ಮನಿಗೆ ಹೇಳಿದಳು.

ಮಗಳು ಕೇಳಿದಾಗ ಬೀಗಿತ್ತಿ ಮೊದಲು ಏನೂ ಇಲ್ಲ ಎಂದರು, ಆಮೇಲೆ ಒಪ್ಪಿಕೊಂಡರು. ಹೊರಡುವ ಮುಂಚೆ ಅವಸರದಲ್ಲಿ ಹೊಸ ಸೆಟ್ಟು ಮಾಡಿಸಿದ್ದರು. ಅಗಿದರೆ ಜೀವ ಹೋಗುವಷ್ಟು ನೋವು. ಬೀಗರ ಮನೆಗೆ ಬಂದು ಹಲ್ಲಿನ ರಗಳೆ ಹೇಳಿಕೊಳ್ಳುವುದು ಹೇಗೆಂದು ಸುಮ್ಮನಿದ್ದರಂತೆ.

ಮರುದಿನ ಅಕ್ಕ ಅವರನ್ನು ತನ್ನ ಜೊತೆಗೇ ಕರೆದೊಯ್ದಳು. ಲ್ಯಾಬಿನ ಪಕ್ಕದ ದಂತವೈದ್ಯೆ ಒಸಡಿನ ಮೇಲಿನ ಹುಣ್ಣು ನೋಡಿ, ನೀಲಿ ಕಾಗದ ಕಚ್ಚಿಸಿ, ಎಲ್ಲೆಲ್ಲಿ ಒತ್ತುತ್ತಿದೆಯೆಂದು ಗುರುತು ಮಾಡಿಕೊಟ್ಟರು. ಅಕ್ಕ ತನ್ನ ಮೇಜಿನಲ್ಲಿ ಕೂತು ಆ ಜಾಗಗಳನ್ನು ತೇಯ್ದು, ಒಳಮೈ ನಯಗೊಳಿಸಿ, ಹೊಳಪು ಕೊಟ್ಟಳು. ಬೀಗಿತ್ತಿ ಹಲ್ಲು ಹಾಕಿಕೊಂಡು ಟಕಟಕ ಕಚ್ಚಿ ನೋಡಿದರು. ಅಕ್ಕನ ಕೈ ಹಿಡಿದು, ಉಗುರಿನ ಸಂದಿಯಲ್ಲಿದ್ದ ಪ್ಲಾಸ್ಟರ್ ಪುಡಿಯನ್ನು ತಮ್ಮ ಹೆಬ್ಬೆರಳಿಂದ ಒರೆಸಿದರು.

ಹುಣ್ಣು ಮಾಯಲು ಸ್ವಲ್ಪ ಕಾಲ ಹಿಡಿಯಿತು. ಮಾಯ್ದ ಮೇಲೆ ಒಂದು ದಿನ ಅವರು ಸೂಪಿನ ಜೊತೆ ಹೋಳುಗಳನ್ನೂ ನಿಧಾನವಾಗಿ ಅಗಿದು ನುಂಗಿದರು. ಅಕ್ಕನಿಗೆ ಹೊಟ್ಟೆ ತಂಪಾಯಿತು. ಆದರೆ ಬೀಗಿತ್ತಿ ಬಾಯಿ ಒರೆಸಿಕೊಂಡು ಹೇಳಲು ತೊಡಗಿದವರು ನಿಲ್ಲಿಸಲೇ ಇಲ್ಲ. ಬೇರು ಜಾಸ್ತಿಯಾಗಿದೆ. ಮಸಾಲೆಯನ್ನು ಕುಟ್ಟಿ ಕುಟ್ಟಿ ಕೊಂದಿದ್ದೀಯ. ಈ ಒಣಗಿದ ಎಲೆ ಸತ್ತು ಎಷ್ಟೋ ಕಾಲವಾಗಿದೆ, ಇದರ ಬದಲು ಪೇಪರ್ ಹಾಕಬಹುದಿತ್ತು. ಎಲ್ಲವನ್ನೂ ದಾಟಿಸುತ್ತಿದ್ದ ಮಗಳು ಕೊನೆಯ ಮಾತನ್ನು ನುಂಗಿಕೊಂಡಾಗ ಅಕ್ಕನೇ ಒತ್ತಾಯಿಸಿದಳು.

“ನಿನ್ನ ಸೂಪು ಪಾಠ ಒಪ್ಪಿಸ್ದಂಗಿದೆ, ಒಂದಕ್ಷರ ತಪ್ಪಿಲ್ಲ, ಅರ್ಥ ಮಾತ್ರ ಆಗಿಲ್ಲ ಅಂತಾಳೆ. ಬೇಜಾರು ಮಾಡ್ಕೋಬೇಡಿ ಅಕ್ಕಾ.”

ಅಕ್ಕನಿಗೆ ಬೇಜಾರೇ ಆಯಿತು. ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿ ನಿಂತಳು. ಕೊನೆಯ ತಟ್ಟೆ ಒರೆಸುವ ಹೊತ್ತಿಗೆ ಬೇಜಾರು ಕರಗಿ, ಇಷ್ಟು ದಿನ ಕಾದದ್ದು ಇದಕ್ಕೇ ತಾನೇ ಎನ್ನಿಸಿತು.

ಪಾಠ ಶುರುವಾಯಿತು. ಬೀಗಿತ್ತಿ ಕುರ್ಚಿಯಿಂದ ಏಳಲಿಲ್ಲ, ಸೌಟು ಮುಟ್ಟಲಿಲ್ಲ. ಅಕ್ಕ ಉಪ್ಪು ತೂಗುವ ತಕ್ಕಡಿಯ ಮೇಲೆ ತಾವು ಕುಡಿಯುವ ಚಹಾ ಲೋಟ ಇಟ್ಟುಕೊಂಡರು. ಆಮೇಲೆ ಅದು ಲೋಟದ ಜಾಗವೇ ಆಗಿಹೋಯಿತು. ಒಂದು ನಿಂಬೆಯ ಹುಳಿ ಇನ್ನೊಂದಕ್ಕಿಲ್ಲ, ಒಂದು ಬಾಟಲಿಯ ಉಪ್ಪು ಇನ್ನೊಂದಕ್ಕಿಲ್ಲ, ಮತ್ತೆ ಏನನ್ನು ತೂಗುತ್ತೀಯ ಎಂಬುದು ಅವರ ಪ್ರಶ್ನೆ. ಪ್ರತಿ ಹಂತದಲ್ಲೂ ಅಕ್ಕ ರುಚಿ ನೋಡಿ, ಏನು ಕಡಿಮೆಯಿದೆಯೆಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ತಪ್ಪಾದರೆ ಬೀಗಿತ್ತಿ ಕಿಟಕಿಯಾಚೆ ನೋಡುತ್ತಿದ್ದರು. ಒಂದು ದಿನ ಅಂದಾಜು ಕೈಕೊಟ್ಟು ಇಡೀ ಪಾತ್ರೆ ಉಪ್ಪುಪ್ಪಾಯಿತು. ಅದರಲ್ಲೇ ಅನ್ನ ಕಲಸಿಕೊಂಡು ನಾಲ್ವರೂ ತಿಂದು, ಸಂಜೆಯವರೆಗೆ ನೀರು ಕುಡಿದರು.

ಒಮ್ಮೆ ಅಕ್ಕ ತನ್ನನ್ನು ಕಾಡುತ್ತಿದ್ದ ಮಾತು ಕೇಳಿಯೇಬಿಟ್ಟಳು. “ಸೂಪಿಗೆ ಹಾಕೋ ಆ ಎಲೆ ಹಸಿಯಾಗಿ ಇಲ್ಲಿ ಸಿಗಲ್ಲ. ಬೇರೇದು ಹಾಕಿದ್ರೆ ಅಸಲಿ ಹೇಗಾಗುತ್ತಮ್ಮಾ?”

ಮಗಳು ತಾಯಿಯ ಉತ್ತರ ಹೇಳಿದಳು: “ಎಲೆ ಸಿಗದ ದಿನ ಹೋಟ್ಲು ಮುಚ್ತಿರ್ಲಿಲ್ವಂತೆ. ನಿಂಬೆ ಮರದ ಎಳೇ ಎಲೆ ಹಾಕು, ಅದೂ ಇಲ್ಲ ಅಂದ್ರೆ ಬಿಡು ಅಂತಾಳೆ. ಆದ್ರೆ ಮೀನಿನ ಸಾಸ್ ಬದಲು ಬೇರೇನಾದ್ರೂ ಹಾಕಿದ್ರೆ ಇವತ್ತೇ ವಿಮಾನ ಹತ್ತುತ್ತೀನಿ ಅಂತಾಳೆ.”

ಬೀಗಿತ್ತಿ ಊರಿಗೆ ಮರಳುವ ಹಿಂದಿನ ದಿನ ಲ್ಯಾಬಿನಲ್ಲಿ ಅವಸರದ ಕೆಲಸ ಬಂದು ಅಕ್ಕನಿಗೆ ತಡವಾಯಿತು. ಕೊನೆಯ ಊಟಕ್ಕೆ ಏನೂ ಆಗಲಿಲ್ಲವಲ್ಲ ಎಂದು ತಳಮಳಿಸುತ್ತ ಮೆಟ್ಟಿಲು ಹತ್ತಿದರೆ, ಬಾಗಿಲ ಹೊರಗೇ ನಿಂಬೆಹುಲ್ಲಿನ ಘಮ. ಒಲೆಯ ಮುಂದೆ ಹುಡುಗಿ ಬೆವರುತ್ತ ನಿಂತಿದ್ದಳು, ಮೂಗಿನ ತುದಿಯಲ್ಲಿ ಖಾರದ ಪುಡಿ. ಬೀಗಿತ್ತಿ ಕುರ್ಚಿಯಲ್ಲೇ ಕೂತು ಒಂದೊಂದೇ ಮಾತು ಹೇಳುತ್ತಿದ್ದರು. ಅಕ್ಕ ಸಹಾಯಕ್ಕೆ ಕೈ ಹಾಕಲು ಹೋದಾಗ ತಮ್ಮ ಅವಳನ್ನು ಭುಜ ಹಿಡಿದು ಮೇಜಿಗೆ ಕೂರಿಸಿದ.

ಎಲ್ಲರಿಗೂ ಬಡಿಸಿ ಕೊನೆಗೆ ತಣ್ಣಗಾದದ್ದನ್ನು ತಿನ್ನುವುದೇ ಅವಳಿಗೆ ಅಭ್ಯಾಸ. ಈಗ ಹೊಗೆಯಾಡುವ ಬಟ್ಟಲು ಮೊದಲು ಅವಳ ಮುಂದೆ ಬಂತು. ಮೂವರೂ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಒಂದು ಚಮಚ ಕುಡಿದು, ಕಣ್ಣು ಮುಚ್ಚಿ, ಇನ್ನೊಂದು ಚಮಚ ಕುಡಿದಳು.

“ತುಂಬಾ ಚೆನ್ನಾಗಿ ಬಂದಿದೆ ಕಣೇ,” ಎಂದಳು ಹುಡುಗಿಗೆ. ಆಮೇಲೆ ತುಸು ತಡೆದು, “ಹುಳಿ ಒಂಚೂರು ಮುಂದೆ ಓಡಿದೆ. ಸಾಸ್ ಇನ್ನೊಂದು ನಾಲ್ಕು ಹನಿ ಬೇಕು,” ಎಂದಳು.

ಮಗಳು ಅದನ್ನು ತಾಯಿಗೆ ಹೇಳಿದಳು. ಬೀಗಿತ್ತಿ ಎದ್ದು ಬಂದು, ಪಾತ್ರೆಯಿಂದ ಅರ್ಧ ಚಮಚ ತೆಗೆದು ರುಚಿ ನೋಡಿದರು. ಮೀನಿನ ಸಾಸಿನ ಬಾಟಲಿಯ ಮುಚ್ಚಳ ತೆಗೆದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಪಾತ್ರೆಗೆ ಹನಿಸಿ, ಕಲಕಿ, ಸೌಟನ್ನು ಹುಡುಗಿಗೆ ದಾಟಿಸಿದಳು. ತಮ್ಮ ಫೋನನ್ನು ಮಗುಚಿಟ್ಟು ಬಟ್ಟಲು ಮುಂದೆ ಚಾಚಿದ.