ನರಿ ಕರೆಯುತ್ತಿದೆ

ನಮ್ಮ ಬೆಳಗಾವಿಯ ಶಹಾಪುರದ ಓಣಿಯಲ್ಲಿ ಕಾಂತಾ ದಿನಾ ಮಧ್ಯಾಹ್ನ ಯುದ್ಧಕ್ಕೆ ಹೋಗುತ್ತಿದ್ದಳು ಅಂದರೆ ಯಾರೂ ನಂಬುವುದಿಲ್ಲ. ನೀರು ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕದ, ಇರುವೆ ಸಾಲು ಕಂಡರೆ ಕಸಬರಿಗೆ ಕೆಳಗಿಟ್ಟು ನಿಂತುಬಿಡುವ ಜೈನರ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಗಂಡನ ಕಾಯಿಲೆಯ ಸೇವೆಯಲ್ಲೇ ಅರ್ಧ ಆಯುಷ್ಯ ಕಳೆದು, ಅವನು ಹೋದ ಮೇಲೆ ಅಣ್ಣ ಜಿನಪಾಲನ ಮನೆಯ ಮಹಡಿ ಕೋಣೆಗೆ ಬಂದು ಸೇರಿದ್ದಳು. ಆ ಮನೆಯಲ್ಲಿ ಅವಳಿಗೆ ಯಾರೂ ಕೆಟ್ಟದ್ದು ಮಾಡಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ದಿನಕ್ಕೆ ಹತ್ತು ಸಲ ಕರೆಯುತ್ತಿದ್ದರು ಕೂಡ. ಸಾಸಿವೆ ಡಬ್ಬಿ ಎಲ್ಲಿದೆ, ಹಾಲು ಇಳಿಸಿದೆಯಾ, ನೀರು ಬಂತಾ ಎಂದು. ಅವಳೇ ಬೇಕು ಎಂದು ಯಾರೂ ಕರೆಯುತ್ತಿರಲಿಲ್ಲ, ಅಷ್ಟೇ.

ಆಟವನ್ನು ಅವಳ ಮೊಬೈಲಿಗೆ ಹಾಕಿಕೊಟ್ಟವಳು ಜಿನಪಾಲನ ಮಗಳು ಬ್ರಾಹ್ಮಿ, ಕಾಲೇಜು ಹುಡುಗಿ. "ಪುಕ್ಕಟೆ ಐತಿ ಅತ್ತಿ, ಒಂದು ಪೈಸಾ ಕೊಡೋದಿಲ್ಲ," ಎಂದಳು. ಕಾಂತಾ ಪರದೆಯ ಮೇಲೆ ಬಂದೂಕು ಕಂಡವಳೇ ಮೊಬೈಲು ಕೆಳಗಿಟ್ಟಳು.

"ಛೀ, ಜೀವಾ ತಗೊಳ್ಳೋ ಆಟ ನನಗ್ಯಾಕ?"

"ಜೀವಾ ಎಲ್ಲೈತಿ ಇದರಾಗ? ನೋಡ್ರಿ ಒಂದ್ಸಲ."

ನೋಡಿದರೆ ಖರೇನೇ ಅದು ಮಕ್ಕಳ ಚಿತ್ರದ ಪುಸ್ತಕದಂತಿತ್ತು. ಗುಲಾಬಿ ಬಣ್ಣದ ಗುಡ್ಡ, ಲಾಡುವಿನಂಥ ಗುಂಡು ಗಿಡಗಳು, ಚಡ್ಡಿ ಹಾಕಿಕೊಂಡ ಕರಡಿ, ನರಿ, ಮೊಲ. ಈ ಕಡೆ ನಾಲ್ವರು, ಆ ಕಡೆ ನಾಲ್ವರು. ಬಂದೂಕಿನಿಂದ ಹಾರುತ್ತಿದ್ದುದು ಬಣ್ಣ. ಏಟು ಬಿದ್ದವರು ಕೂತಲ್ಲೇ ಕುಸಿಯುತ್ತಿದ್ದರು, ಅವರ ಸುತ್ತ ಒಂದು ಬಿಳಿ ಬಳೆ ಮೂಡಿ ಸಣ್ಣದಾಗುತ್ತ ಬರುತ್ತಿತ್ತು. ಅದು ಮುಚ್ಚುವುದರೊಳಗೆ ಜೊತೆಗಾರರು ಯಾರಾದರೂ ಹೋಗಿ ಎಬ್ಬಿಸಬೇಕು. ಮುಚ್ಚಿತೋ, ಬಿದ್ದವರು ಮಾಯವಾಗಿ ಅವರ ಆಟ ಮುಗಿಯುತ್ತಿತ್ತು. ಎಬ್ಬಿಸುವುದಕ್ಕೆಂದೇ ಒಂದು ದಪ್ಪ ಬಾತುಕೋಳಿ ಇತ್ತು. ಅದರ ಕೈಯಲ್ಲಿ ಬಂದೂಕಿನ ಬದಲು ಗಿಡಕ್ಕೆ ನೀರು ಹಾಕುವ ಝಾರಿ.

"ಇದು ನಂದು," ಎಂದಳು ಕಾಂತಾ.

ಅವಳು ಒಂದು ದಿನವೂ ಗುಂಡು ಹಾರಿಸಲಿಲ್ಲ. ಎಬ್ಬಿಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ವರ್ಷಗಟ್ಟಲೆ ರೋಗಿಯ ಮಗ್ಗುಲಲ್ಲಿ ಕೂತವಳಿಗೆ ಯಾರು ಈಗ ಬೀಳುತ್ತಾರೆ ಎಂಬುದು ಬೀಳುವ ಮೊದಲೇ ತಿಳಿಯುತ್ತಿತ್ತು. ಆಡುವವರು ಒಬ್ಬರ ದನಿ ಒಬ್ಬರಿಗೆ ಮೊಬೈಲಿನಲ್ಲೇ ಕೇಳುತ್ತಿತ್ತು, ಯಾವ್ಯಾವುದೋ ಊರಿನ ಹುಡುಗರು "ಬಾತುಕೋಳಿ, ಇಲ್ಲೆ ಬಾ!" ಎಂದು ಕೂಗಿದರೆ ಓಡುತ್ತಿದ್ದಳು. ಗಂಡನಿಗೆ ಎಷ್ಟು ನೀರು ಕುಡಿಸಿದರೂ ಅವನು ಏಳಲಿಲ್ಲ. ಇಲ್ಲಿ ಝಾರಿ ಬಗ್ಗಿಸಿದರೆ ಸಾಕು, ಬಿದ್ದವರು ಮೈ ಕೊಡವಿ ಎದ್ದು ಓಡುತ್ತಿದ್ದರು. ಇಷ್ಟು ಸುಲಭದ ಲೋಕವನ್ನು ಪುಕ್ಕಟೆ ಕೊಟ್ಟರೆ ಯಾರು ಬಿಡುತ್ತಾರೆ? ಕಾಂತಾ ಆ ಆಟವನ್ನು ಪ್ರೀತಿಸಿದಳು, ಬೇರೆ ಮಾತಿಲ್ಲ.

ಅಲ್ಲಿ ಸಿಕ್ಕವಳೇ ನರಿ. ಮುಂದೆ ಮುಂದೆ ನುಗ್ಗಿ ಎಲ್ಲರಿಗಿಂತ ಮೊದಲು ಬಿದ್ದು, "ಮಾವಶಿ, ಬಿದ್ದೆ! ಎಬ್ಬಸ್ರಿ!" ಎಂದು ನಗುತ್ತ ಚೀರುವವಳು; ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಹೆಸರು ಮುಗ್ಧಾ, ಊರು ಖಾನಾಪುರ, ಮದುವೆಯಾಗಿ ಎರಡು ವರ್ಷ. ಗಂಡ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ ಬೈಕಿನಲ್ಲಿ ಹೋಗಿಬರುತ್ತಿದ್ದ. ಮಧ್ಯಾಹ್ನ ಅತ್ತೆ ಮಲಗಿದಾಗ ಇವಳ ಆಟ. ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ, ಆದರೆ ಮಾತಿನ ಹಿಂದೆ ಮುಗ್ಧಾಳಿಗೆ ಶಹಾಪುರದ ಮಗ್ಗದ ಸದ್ದು ಕೇಳುತ್ತಿತ್ತು, ಕಾಂತಾಳಿಗೆ ಅವರ ಬಾಜೂ ಮನೆಯ ಹಿಟ್ಟಿನ ಗಿರಣಿಯ ಸದ್ದು.

ಒಮ್ಮೆ ಕಾಂತಾ ಫೋನ್ ನಂಬರ್ ಕೇಳಿದಳು.

"ನಂಬರ್ ಬ್ಯಾಡ್ರಿ ಮಾವಶಿ. ಯಾರ ಫೋನ್ ಬಂತು, ಯಾರಿಗೆ ಹೋತು, ಮನಿಯವರು ಕುಂತು ಒಂದೊಂದ ನೋಡ್ತಾರ. ಆಟ ಒಂದ ಬಿಟ್ಟಾರ. ಸಣ್ಣ ಹುಡುಗರ ಗೊಂಬಿ ಆಟ, ಆಡ್ಕೋತ ಬಿದ್ದಿರ್ಲಿ ಅಂತ."

ಇಂಥ ಮಾತನ್ನೂ ಅವಳು ನಕ್ಕೇ ಹೇಳುತ್ತಿದ್ದಳು. ಇನ್ನೊಂದು ದಿನ ಶಹಾಪುರದಲ್ಲಿ ಹೊಲಿಗೆ ಕೆಲಸ ಸಿಗುತ್ತದೆಯೇ ಎಂದು ಕೇಳಿದಳು. ಮತ್ತೊಂದು ದಿನ ಬೆಳಗಾವಿಯಲ್ಲಿ ಹೆಂಗಸರ ಹಾಸ್ಟೆಲ್ ಎಲ್ಲಿದೆ ಎಂದು. ಗಣೇಶ ಚೌತಿಯ ದಿನ ಆಟದ ನಡುವೆ ಸಣ್ಣ ದನಿಯಲ್ಲಿ ಅಂದಳು:

"ಮಾವಶಿ, ಗಣಪತಿ ನೋಡಾಕ ಅಂತ ಹೇಳಿ ನಾ ಬೆಳಗಾವಿಗೆ ಬರ್ತೀನ್ರಿ. ಯಾವ ದಿನ ಬಿಡ್ತಾರೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಾಗ ಕುಂತು ಆಟದಾಗ ಕರೀತೀನಿ. ಬರ್ತೀರಿ ಹೌದಲ್ರಿ?"

"ಬರ್ದ ಏನ ಮಾಡ್ಲೆ? ಬಾ, ಕುಂದಾ ತಿನ್ನಸ್ತೀನಿ."

"ಚೀಲ ಒಂದ ದೊಡ್ಡದಿರ್ತೈತ್ರಿ."

"ಇರವಲ್ದ್ಯಾಕ. ಇಬ್ರೂ ಹಿಡ್ಯೂಣು."

ಹೊಲಿಗೆ ಕೆಲಸ, ಹಾಸ್ಟೆಲ್, ದೊಡ್ಡ ಚೀಲ. ಇಷ್ಟರ ಮೇಲೆ ಇನ್ನೇನು ಡಂಗುರ ಹೊಡೆಸಬೇಕಿತ್ತೇ ಆ ಹುಡುಗಿ? ಕಾಂತಾ ಮಾತ್ರ ಕುಂದಾ ಯಾವ ಅಂಗಡಿಯದು ಕೊಡಿಸಲಿ ಎಂದು ಯೋಚಿಸುತ್ತ ಮಲಗಿದಳು.

ಮರುದಿನ ಪಂಚಮಿ, ಜೈನರ ದಶಲಕ್ಷಣ ಪರ್ವದ ಮೊದಲ ದಿನ. ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳು, ಈ ಹತ್ತು ದಿನ ನಿಮಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು ಬಿಡಿ ಎಂದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಒಬ್ಬಾಕೆ ಚಹಾ ಬಿಟ್ಟಳು, ಒಬ್ಬಾಕೆ ಧಾರಾವಾಹಿ ಬಿಟ್ಟಳು. ಜಿನಪಾಲನ ಹೆಂಡತಿ ಅನುಜಾ ಸಿಹಿ ಬಿಟ್ಟು ಕೂತವಳು ನಾದಿನಿಯ ಕಡೆ ಹೊರಳಿ ನೋಡಿದಳು. ಆ ನೋಟಕ್ಕೆ ಕಾಂತಾಳ ಕಿವಿ ಬಿಸಿಯಾಯಿತು. ಎದ್ದು ನಿಂತು, "ಮೊಬೈಲ್," ಎಂದಳು.

ಮನೆಗೆ ಬಂದದ್ದೇ ಅನುಜಾ ಮೊಬೈಲು ಇಸಕೊಂಡು, ಬಂದ್ ಮಾಡಿ, ತಿಜೋರಿಯಲ್ಲಿಟ್ಟು ಕೀಲಿ ಹಾಕಿದಳು. ಬ್ರಾಹ್ಮಿ ಅಲ್ಲೇ ಇದ್ದಳು.

"ಅತ್ತಿ, ನಿಮ್ಮ ನರಿಗೆ ನನ್ನ ಫೋನಿನಾಗಿಂದ ಹೇಳ್ಲೇನು, ಹತ್ತು ದಿನ ಬರಂಗಿಲ್ಲಂತ?"

ಅನುಜಾಳ ಮುಂದೆ ಕಾಂತಾಳಿಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ನರಿ, ಬಾತುಕೋಳಿ! "ಬ್ಯಾಡ ಬಿಡವಾ," ಎಂದಳು. "ಕಂಡಿಲ್ಲ, ಕೇಳಿಲ್ಲ. ಆಟದಾಗಿನವರಿಗೆ ಎಂಥಾದ್ದು ಹೇಳಿಕಳಸೂದು?"

ಹತ್ತು ದಿನ ಅವಳು ನಿಯಮ ಮುರಿಯಲಿಲ್ಲ. ಮಧ್ಯಾಹ್ನವಾದರೆ ಕೈ ತಾನಾಗಿ ದಿಂಬಿನ ಕೆಳಗೆ ಹೋಗುತ್ತಿತ್ತು. ಮುಗ್ಧಾ ಬಂದರೆ, ಬಂದು ಕರೆದರೆ ಎಂದು ಕಾಲು ತಿಜೋರಿಯ ಕಡೆ ಎಳೆಯುತ್ತಿತ್ತು. ಇದೇ ಮೋಹ, ಇದನ್ನೇ ಗೆಲ್ಲಬೇಕು ಎಂದು ಅವಳು ಆ ಸೆಳೆತವನ್ನು ಅದುಮಿಟ್ಟು ಜಪಮಣಿ ತಿರುಗಿಸಿದಳು. ಹೆಚ್ಚು ಸೆಳೆದಷ್ಟೂ ತನ್ನ ತ್ಯಾಗ ದೊಡ್ಡದು ಎಂದುಕೊಂಡಳು. ಪಾಪದ ಹೆಂಗಸು, ಅದು ಆಟದ ಚಟವಲ್ಲ, ಕೊಟ್ಟ ಮಾತು ಚುಚ್ಚುತ್ತಿರುವುದು ಎಂದು ಅವಳಿಗೆ ತಿಳಿಯಲೇ ಇಲ್ಲ.

ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಅಂದು ಜೈನರು ತಿಳಿದೋ ತಿಳಿಯದೆಯೋ ನೋಯಿಸಿದವರ ಕ್ಷಮೆ ಕೇಳಬೇಕು. ಮೊದಲು ಮನೆಮನೆಗೆ ಹೋಗಿ ಕೇಳುತ್ತಿದ್ದರು. ಈಗ ಹೂವಿನ ಚಿತ್ರದ ಕೆಳಗೆ ಬರೆದದ್ದನ್ನು ಎಲ್ಲರಿಗೂ ಒಟ್ಟಿಗೆ ಕಳಿಸಿದರೆ ಮುಗಿಯಿತು, ಹಾಲಿನವನಿಗೂ ಬೀಗರಿಗೂ ಒಂದೇ ಹೂವು. ಬೆಳಗ್ಗೆ ತಿಜೋರಿಯಿಂದ ಹೊರಬಂದ ಮೊಬೈಲಿನಲ್ಲಿ ಅಂಥ ಹೂಗಳು ಒಟ್ಟಿಬಿದ್ದಿದ್ದವು. ಕಾಂತಾ ಅವನ್ನು ಬಿಟ್ಟು ಆಟ ತೆರೆದಳು.

"ನರಿ ಕರೆಯುತ್ತಿದೆ." ಅದರ ಕೆಳಗೆ, "ನರಿ ಕರೆಯುತ್ತಿದೆ." ಬೆರಳು ಜಾರಿಸಿದಷ್ಟೂ ಅದೇ. ಎಲ್ಲವೂ ಒಂದೇ ದಿನದವು, ಮಧ್ಯಾಹ್ನದಿಂದ ಸಂಜೆಯವರೆಗೆ. ಆ ದಿನದ ಆಚೆಗೆ ನರಿ ಆಟಕ್ಕೇ ಬಂದಿರಲಿಲ್ಲ.

ಆಗ ಚೀಲವೂ ಹಾಸ್ಟೆಲ್ಲೂ ಹೊಲಿಗೆಯೂ ಒಂದಕ್ಕೊಂದು ಕೂಡಿಕೊಂಡವು. ಅನುಜಾ ಹಿಂದಿನಿಂದ, "ಸಂಜಿಕಿ ನಿಮ್ಮ ಸನ್ಮಾನ ಐತ್ರಿ, ಹೆಸರು ಕೊಟ್ಟೇನಿ," ಎನ್ನುತ್ತಿದ್ದಂತೆ ಕಾಂತಾ ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಹಿಂದಿನ ರಾತ್ರಿ ಹೊರಟ ಗಣಪತಿ ವಿಸರ್ಜನೆಯ ಮೆರವಣಿಗೆ ಇನ್ನೂ ಮುಗಿದಿರಲಿಲ್ಲ. ರಸ್ತೆ ತುಂಬ ಗುಲಾಲು, ಪಟಾಕಿಯ ಕಾಗದ. ಬಸ್ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತ ಅವಳು ಒಂದೊಂದೇ ಬೆಂಚು ನೋಡಿದಳು. ಇದರ ಮೇಲೆ ಕೂತಿದ್ದಳೋ, ಅದರ ಮೇಲೋ. ಬಸ್ಸು ಉದ್ಯಮಬಾಗ ದಾಟಿ ಹಸಿರು ಗದ್ದೆಗಳ ನಡುವೆ ಹೋಗುವಾಗಲೂ ಅವಳ ಕಣ್ಣ ಮುಂದೆ ಆ ಬೆಂಚುಗಳೇ ಇದ್ದವು.

ಖಾನಾಪುರದಲ್ಲಿ ಗಿರಣಿ ಎಲ್ಲಿದೆ ಎಂದು ಕೇಳುತ್ತ ಹೋದಳು. ಮೊದಲಿನದರ ಬಾಜೂ ಮುಗ್ಧಾ ಎಂಬವರು ಯಾರೂ ಇರಲಿಲ್ಲ. ಎರಡನೆಯದರ ಬಾಜೂ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಹೆಂಗಸು ತಲೆಯೆತ್ತಿದಳು. ಮುಗ್ಧಾಳ ಅತ್ತೆ ಪ್ರಮಿಳಾ.

"ಯಾರು ಬೇಕಾಗಿತ್ರಿ?"

ದಾರಿಯುದ್ದಕ್ಕೂ ಹೊಂದಿಸಿಕೊಂಡ ಸುಳ್ಳು ಕಾಂತಾಳ ನಾಲಗೆಗೆ ಬರಲಿಲ್ಲ. "ನಾ ಬೆಳಗಾವಿ ಜೈನರಾಕಿ. ಇವತ್ತ ನಮ್ಮಲ್ಲಿ ಕ್ಷಮಾ ಕೇಳೋ ದಿನ. ನಿಮ್ಮ ಸೊಸಿ ಮುಗ್ಧಾನ ಕಡೆ ಕ್ಷಮಾ ಕೇಳಾಕ ಬಂದೀನ್ರಿ."

ಪ್ರಮಿಳಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಮಂದಿ ಪದ್ಧತಿ ನನಗ ಗೊತ್ತೈತಿ. ಬರ್ರಿ, ಕುಂದರ್ರಿ," ಎಂದು ಒಳಗೆ ಕರೆದು, ಮೊರ ಹಿಡಿದು ತಾನೂ ಎದುರಿಗೇ ಕೂತಳು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

ನೀರಿನ ತಂಬಿಗೆ ಹಿಡಿದು ಬಂದವಳು ಸಣ್ಣ ಜೀವದ ಹುಡುಗಿ. ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಮುಗ್ಧಾ," ಎಂದಳು ಕಾಂತಾ.

ಹುಡುಗಿಗೆ ದನಿಯ ಗುರುತು ಹತ್ತಿತು. ತಂಬಿಗೆ ಕೆಳಗಿಟ್ಟು ಗೋಡೆಗೆ ಒರಗಿ ನಿಂತಳು.

"ಬಂದಿದ್ದೇನ ನೀ?"

"ಬಂದಿದ್ದೆ. ಸಂಜಿತನ ಕುಂತಿದ್ದೆ."

"ಗಣಪತಿ ನೋಡಾಕ ಹೋಗಿ ದಾರಿ ತಪ್ಪಿಸಿಕೊಂಡಿದ್ಲು," ಎಂದಳು ಪ್ರಮಿಳಾ. "ಮಗನ ಕೆಲಸದಾಗಿನವ ಒಬ್ಬ ಬಸ್ ಸ್ಟ್ಯಾಂಡಿನಾಗ ನೋಡಿ ಹೇಳಿದಾ. ಮಗಾ ಹೋಗಿ ಕರಕೊಂಡ ಬಂದಾ."

"ಫೋನು ನನ್ನ ಕಡೆ ಇರಲಿಲ್ಲವ್ವಾ," ಎಂದಳು ಕಾಂತಾ. ಹತ್ತು ದಿನದ ನಿಯಮ, ತಿಜೋರಿ, ಕೀಲಿ ಎಲ್ಲ ಹೇಳಿದಳು. ಹೇಳುತ್ತ ಹೋದಂತೆ ಒಂದೊಂದೂ ಅವಳ ಕಿವಿಗೇ ಹಗುರಾಗಿ ಕೇಳಿತು. ಹುಡುಗಿ ಸಿಟ್ಟಾಗಲಿಲ್ಲ, ಅಳಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಕೇಳುವಂತೆ ಕೇಳಿದಳು.

ಕಾಂತಾ ಎದ್ದು ನಿಂತಳು. ಜೀವನದಲ್ಲಿ ಯಾರ ಮನೆಯಲ್ಲೂ ಅವಳು ಹಾಗೆ ನಿಂತವಳಲ್ಲ. "ಈಗ ನಡಿ ನನ್ನ ಜೋಡಿ. ಚೀಲ ಬ್ಯಾಡ, ಏನೂ ಬ್ಯಾಡ. ಉಟ್ಟ ಸೀರಿಮ್ಯಾಲೆ ನಡಿ."

ಪ್ರಮಿಳಾಳ ಕೈ ಅಕ್ಕಿಯ ಮೊರದಲ್ಲಿ ನಿಂತಿತು. ಪಕ್ಕದ ಗಿರಣಿ ಒಂದೇ ಸಮ ತಿರುಗುತ್ತಿತ್ತು. ಮುಗ್ಧಾ ಬಾಗಿಲಿನ ಕಡೆ ನೋಡಿದಳು. ಅಲ್ಲಿ ಯಾರೂ ಅಡ್ಡ ಇರಲಿಲ್ಲ.

"ಆಗಂಗಿಲ್ಲ ಮಾವಶಿ."

"ಯಾಕ? ನಾ ಅದೀನಿ."

"ತವರಮನಿಯಿಂದ ಅಣ್ಣನ್ನೂ ಕರೆಸಿದ್ರು. ಎಲ್ಲಾರ ಕಾಲಿಗೆ ಬೀಳಿಸಿದ್ರು. ಕ್ಷಮಾ ಕೇಳೋದು ನಂದು ಎಲ್ಲಾ ಮುಗದೈತ್ರಿ." ಅವಳು ಮಣಿಕಟ್ಟಿನ ಬಟ್ಟೆ ಸರಿಮಾಡಿಕೊಂಡಳು. "ಮನಿ ಬಿಟ್ಟು ಹೊಂಡೋ ಧೈರ್ಯ ಒಂದ ಸಲಕ್ಕಷ್ಟ ಇತ್ರಿ ನನ್ನ ಕಡೆ. ಎರಡು ವರ್ಷ ಕೂಡಿಹಾಕಿದ್ದೆ. ಅವತ್ತ ಅಲ್ಲೆ ಕುಂತು ಕುಂತು ಖರ್ಚಾತು."

ಕಾಂತಾ ಅವಳ ಕೈ ಹಿಡಿದುಕೊಂಡಳು. "ನನಗ ಕ್ಷಮಾ ಮಾಡವ್ವಾ."

"ಮಾಡೇನಿ ತಗೋರಿ," ಎಂದಳು ಮುಗ್ಧಾ, ಸಂತೆಯಲ್ಲಿ ಸೊಪ್ಪು ಕೊಟ್ಟ ಹಾಗೆ. ಆಮೇಲೆ, "ಇನ್ನೂ ಆಡ್ತೀರೇನ್ರಿ?" ಎಂದು ಕೇಳಿದಳು.

"ಇಲ್ಲವ್ವಾ."

"ಆಡ್ರಿ. ಫೋನು ಒಡದಾರ, ನಾ ಬರಂಗಿಲ್ಲ. ಬ್ಯಾರೆ ಯಾರರೆ ಬಿದ್ದಿರ್ತಾರ."

ಅಷ್ಟು ಹೇಳಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ನೀರು ಹಾಗೇ ಇತ್ತು. ಪ್ರಮಿಳಾ ಬಾಗಿಲ ತನಕ ಬಂದು, ಇನ್ನೊಮ್ಮೆ ಬರಬೇಡಿರಿ ಎಂದು ಮೆತ್ತಗೇ ಹೇಳಿದಳು. ಅದರಲ್ಲಿ ಬೈಗುಳವಿರಲಿಲ್ಲ, ಬಂದರೆ ಹುಡುಗಿಗೇ ತ್ರಾಸು ಎಂಬ ಅರ್ಥವಿತ್ತು.

ಹೊತ್ತು ಮುಳುಗುವ ಮೊದಲು ಕಾಂತಾ ಮನೆ ಸೇರಿದಳು. ಊಟಕ್ಕೆ ಕೂತು ಹಾಗೇ ಎದ್ದಳು. ಅನುಜಾ ತನ್ನ ಒಳ್ಳೆಯ ಸೀರೆ ಕೊಟ್ಟು ಉಡಿಸಿ ಬಸದಿಗೆ ಕರೆದೊಯ್ದಳು. ವೇದಿಕೆಯ ಮೇಲೆ ಶಾಲು, ತೆಂಗಿನಕಾಯಿ ಸಾಲಾಗಿ ಇಟ್ಟಿದ್ದರು. ಉಪವಾಸ ಮಾಡಿದವರ ಸನ್ಮಾನವಾಯಿತು, ಚಹಾ ಬಿಟ್ಟವಳದಾಯಿತು. ಆಮೇಲೆ, "ಮೊಬೈಲ್ ತ್ಯಾಗ, ಶ್ರೀಮತಿ ಕಾಂತಾ," ಎಂದು ಕೂಗಿದರು. ಈ ಕಾಲದಲ್ಲಿ ಅನ್ನ ಬಿಡಬಹುದು, ಮೊಬೈಲ್ ಬಿಡುವುದು ಸಣ್ಣ ತಪಸ್ಸಲ್ಲ ಎಂದು ನಿರೂಪಕರು ಹೇಳಿದಾಗ ಎಲ್ಲರೂ ನಕ್ಕರು. ಹೆಗಲಿಗೆ ಶಾಲು ಹೊದಿಸಿ ಅವಳ ಮುಂದೆ ಮೈಕು ಹಿಡಿದರು.

"ಎರಡು ಮಾತು ಹೇಳ್ರಿ ಅಕ್ಕಾ. ಬಾಳ ಕಷ್ಟ ಆತೇನ್ರಿ?"

ಹೊರಗೆ ರಸ್ತೆಯಲ್ಲಿ ಕೊನೆಯ ಗಣಪತಿಯ ಮುಂದೆ ಢೋಲು ಬಾರಿಸುತ್ತಿದ್ದರು. ಕಾಂತಾ ಮೈಕಿಗೆ ಬಾಯಿ ಹತ್ತಿರ ತಂದಳು.

"ನನಗ ಏನೂ ಕಷ್ಟ ಆಗಲಿಲ್ರಿ," ಎಂದಳು. "ಆಗೂದೆಲ್ಲಾ ಒಂದು ಹುಡುಗಿಗಿ ಆತು. ನಾ ಮೊಬೈಲ್ ಬಿಡಲಿಲ್ಲ, ಆಕೀನ್ನ ಬಿಟ್ಟೆ."

ಢೋಲಿನ ಸದ್ದಿಗೆ ಹಿಂದಿನವರಿಗೆ ಮೊದಲ ಮಾತಷ್ಟೇ ಕೇಳಿಸಿತು. ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಬ್ರಾಹ್ಮಿ ಒಬ್ಬಳೇ ಕೈ ಮಡಿಚಿಕೊಂಡು ಅತ್ತೆಯ ಮುಖ ನೋಡುತ್ತಿದ್ದಳು. ಕಾಂತಾ ತೆಂಗಿನಕಾಯಿ ಹಿಡಿದು ನಿಂತೇ ಇದ್ದಳು, ಚಪ್ಪಾಳೆ ನಿಲ್ಲಲಿಲ್ಲ.