ಕೀರ್ ಎನ್ನುವ ಶೂ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ವಸ್ತುವಿಜ್ಞಾನ ಓದಿ, ದಿನಬಳಕೆಯ ಸಾಮಾನು ತಯಾರಿಸುವ ಕಂಪನಿ ಸೇರಿದ ಮೇಲೆ ಅವಳು ಒಂದು ಕಡೆ ನಿಂತದ್ದೇ ಇಲ್ಲ. ಮೊದಲು ಹಲ್ಲುಜ್ಜುವ ಬ್ರಷ್ಷಿನ ಎಳೆ, ಆಮೇಲೆ ನೀರಿನ ಬಾಟಲಿಯ ಮುಚ್ಚಳ, ಆಮೇಲೆ ತಳ ಹಿಡಿಯದ ಬಾಣಲೆ. ಒಂದು ಸಾಮಾನು ಅಂಗಡಿ ಮುಟ್ಟುವಷ್ಟರಲ್ಲಿ ಮನಸ್ಸು ಇನ್ನೊಂದರ ಬೆನ್ನು ಹತ್ತಿರುತ್ತಿತ್ತು. ಬಿಟ್ಟದ್ದನ್ನು ತಿರುಗಿ ನೋಡಿದವಳಲ್ಲ.

ಈಚೆಗೆ ಮಾಡಿದ್ದು ಶೂಗೆ ಒದ್ದೆ ನೆಲದಲ್ಲೂ ಜಾರದ ರಬ್ಬರ್ ಸೋಲ್. ಆ ಶೂ ಭರ್ಜರಿಯಾಗಿ ಖರ್ಚಾಯಿತು. ಮ್ಯಾನೇಜರು ಅವಳನ್ನು ಮಳೆಕೋಟಿನ ವಿಭಾಗಕ್ಕೆ ಹಾಕಿದರು. ಅವಳೂ ಖುಷಿಯಿಂದಲೇ ಒಪ್ಪಿದಳು.

ಆ ಭಾನುವಾರ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿ ಮನೆಗೆ ಬಂದವಳೇ ಶೂ ಕಳಚಿ ಬಾಗಿಲ ಬಳಿ ಎಸೆದಳು.

"ಅಕ್ಕಾ, ಇದೇನೇ ನೀನು ಮಾಡಿರೋದು? ಜಾರಲ್ಲ, ಒಪ್ಕೋತೀನಿ. ಆದ್ರೆ ಹೆಜ್ಜೆಹೆಜ್ಜೆಗೂ ಕೀರ್ ಅನ್ನುತ್ತೆ. ಆಪರೇಷನ್ ಆದೋರು ಆಗ ತಾನೇ ನಿದ್ದೆ ಹೋಗಿರ್ತಾರೆ, ನಾನು ಹೋಗಿ ಎಬ್ಬಿಸ್ತೀನಿ."

"ಹೊಸದಲ್ವಾ, ಸವೀಲಿ ಬಿಡು."

"ಹೊಸದಂತೆ ಹೊಸದು! ಬಂದು ನಿನ್ನ ಕಿವಿಯಿಂದ್ಲೇ ಕೇಳು."

ಮಾರನೆಯ ಮಧ್ಯಾಹ್ನ ಅವಳು ವಾರ್ಡಿನ ಮೂಲೆಯ ಬೆಂಚಿನಲ್ಲಿ ಕುಳಿತಳು. ನರ್ಸುಗಳು ಓಡಾಡಿದರು: ಕೀರ್, ಕೀರ್. ಕಿಟಕಿ ಪಕ್ಕದ ಮುದುಕಿ ಪ್ರತಿ ಸದ್ದಿಗೂ ಹುಬ್ಬು ಗಂಟಿಕ್ಕಿ, ಕೊನೆಗೆ ದಿಂಬನ್ನು ಕಿವಿಗೆ ಒತ್ತಿಕೊಂಡಳು. ಪಾದರಸಕ್ಕೆ ಕೂರಲಾಗಲಿಲ್ಲ. ಎದ್ದರೆ ಅವಳ ಕಾಲಲ್ಲೂ ಅದೇ ಶೂ. ಬಾಗಿಲವರೆಗೂ ತುದಿಗಾಲಲ್ಲಿ ನಡೆದಳು.

ಸೋಲ್ ಸರಿಪಡಿಸುತ್ತೇನೆ ಎಂದು ಅವಳು ಹೇಳಿದಾಗ, "ಮಾರಾಟ ಚೆನ್ನಾಗಿದೆ, ಸುಮ್ನೆ ಯಾಕೆ ಕೆದಕ್ತೀರಿ? ಮಳೆಕೋಟು ಏನಾಯ್ತು?" ಎಂದರು ಮ್ಯಾನೇಜರು.

"ಮಳೆಗೆ ಇನ್ನೂ ಟೈಮಿದೆ ಸರ್."

ನೆಲವನ್ನು ಹಿಡಿಯುವ ಗುಣವೇ ಸದ್ದಿನ ಮೂಲ. ರಬ್ಬರು ನೆಲಕ್ಕೆ ಅಂಟಿ, ಬಿಟ್ಟು, ಮತ್ತೆ ಅಂಟುವಾಗ ನಡುಗಿ ಕಿರುಚುತ್ತಿತ್ತು. ಗಟ್ಟಿ ರಬ್ಬರು ಹಾಕಿದರೆ ಸದ್ದೇನೋ ಅಡಗಿತು. ಆದರೆ ಸೋಪಿನ ನೀರು ಸುರಿದ ನೆಲದ ಮೇಲೆ ಅವಳೇ ಜಾರಿ ಬಿದ್ದು ಮೊಣಕೈ ಊದಿಸಿಕೊಂಡಳು. ಊಟ ಸೇರದಾಯಿತು. ಗಂಡ ಮಾತಾಡಿಸಿದರೆ ಕಿವಿ ಅವನ ಚಪ್ಪಲಿಯ ಕಡೆಗಿರುತ್ತಿತ್ತು. ಕೊನೆಗೆ ರಬ್ಬರಿನ ಗೊಡವೆ ಬಿಟ್ಟು ಶೂ ಸೋಲ್‌ನ ಅಡಿಯ ಉಬ್ಬುಪಟ್ಟಿಗಳಿಗೆ ಕೈ ಹಾಕಿದಳು. ಒಂದೇ ಅಳತೆಯ ಉದ್ದ ಪಟ್ಟಿಗಳು ಒಟ್ಟಿಗೇ ನಡುಗುತ್ತಿದ್ದವು. ಚಿಕ್ಕದೊಂದು ದೊಡ್ಡದೊಂದು ತುಂಡುಗಳಾಗಿ ಕತ್ತರಿಸಿದಾಗ ಸದ್ದು ಬಹುಮಟ್ಟಿಗೆ ನಿಂತಿತು, ಹಿಡಿತವೂ ಉಳಿಯಿತು.

ತಂಗಿ ಆ ಹೊಸ ಶೂವನ್ನು ಕೆಲವು ದಿನ ಹಾಕಿಕೊಂಡು ಓಡಾಡಿದಳು.

"ಹೇಗಿದೆಯೇ?"

"ಆಗ ತಾನೇ ಒರೆಸಿದ ನೆಲದಲ್ಲಿ ಸ್ವಲ್ಪ ಕೀರ್ ಅನ್ನುತ್ತೆ, ಪರವಾಗಿಲ್ಲ. ಆದ್ರೆ ನಿನ್ನೆ ಇಂಜೆಕ್ಷನ್ ಹಿಡ್ಕೊಂಡು ಪಕ್ಕದಲ್ಲಿ ನಿಂತ್ರೆ ಪಾಪ, ಒಬ್ರು ಹೌಹಾರಿಬಿಟ್ರು. ಯಾವಾಗ ಬಂದ್ರಮ್ಮ ಅಂತ!"

"ಹಾಗಾದ್ರೆ ಕೆಮ್ಕೊಂಡು ಹೋಗು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಸರಕಿಗೆ ಈ ಹೊಸ ಸೋಲ್ ಇರಲೆಂದು ಮ್ಯಾನೇಜರು ಒಪ್ಪಿದರು. "ಇನ್ನಾದ್ರೂ ಮಳೆಕೋಟಿಗೆ ಹೋಗ್ತೀರಾ?"

"ಇಲ್ಲ ಸರ್. ಇನ್ನೊಂದು ವರ್ಷ ಶೂನಲ್ಲೇ ಇರ್ತೀನಿ."

"ನೀವಾ? ಒಂದೇ ಕಡೆ ಕೂರ್ತೀರಾ?"

"ಕೂರೋದು ಯಾರು ಸರ್? ಹಾಕ್ಕೊಂಡು ನಡೀತೀನಿ."

ಅಂದದ್ದೇನೋ ಅಂದಳು. ಮೆಟ್ಟಿಲಿಳಿಯುವಾಗ ಮಳೆಕೋಟಿನ ವಿಭಾಗದ ಗಾಜಿನ ಬಾಗಿಲ ಮುಂದೆ ಕಾಲು ತಾನಾಗಿ ನಿಧಾನವಾಯಿತು. ಒಳಗೆ ಯಾರೋ ಹೊಸ ಬಟ್ಟೆಯ ಮೇಲೆ ನೀರು ಸುರಿದು ನೋಡುತ್ತಿದ್ದರು. ಹನಿಗಳು ಮಣಿಮಣಿಯಾಗಿ ಉರುಳಿಹೋದವು. ಒಂದು ಗಳಿಗೆ ನಿಂತು ನೋಡಿ, ಮುಂದೆ ನಡೆದಳು.