ಮೊದಲ ಕೊಂಡಿ

ಇಳಕಲ್ಲಿನ ನೇಕಾರ ಮುರ್ತುಜಸಾಬನ ದೃಷ್ಟಿ ದಿನದಿಂದ ದಿನಕ್ಕೆ ಕುಂದುತ್ತಿತ್ತು. ಎಡಗಣ್ಣು ಹೋದ ವರ್ಷವೇ ನಂದಿಹೋಗಿತ್ತು. ಕಣ್ಣಿನ ನರ ಒಣಗುತ್ತಿದೆಯೆಂದೂ, ಬರುವ ದೀಪಾವಳಿಯವರೆಗೆ ಬಲಗಣ್ಣು ಉಳಿದರೆ ಅದೇ ದೊಡ್ಡದೆಂದೂ ದವಾಖಾನೆಯವರು ಹೇಳಿದ್ದರು. ಅಷ್ಟರೊಳಗೆ ಅವನು ನೋಡಬೇಕಾದದ್ದು ಒಂದೇ ಒಂದಿತ್ತು. ಅದು ಬಾಗಲಕೋಟೆಯ ನವನಗರದಲ್ಲಿ, ಒಂದು ಖಾಸಗಿ ಕಲಾ ಸಂಗ್ರಹಾಲಯದ ಗಾಜಿನ ಹಿಂದೆ ಹನ್ನೊಂದು ವರ್ಷದಿಂದ ತೂಗುತ್ತಿರುವ ಕೆಂಪು ಸೆರಗಿನ ಸೀರೆ. ಅದರ ಕೆಳಗೆ ಬರೆದಿರುವ ಹೆಸರು ತೀರಿಹೋದ ಅವನ ಹೆಂಡತಿಯದು.

ಇಳಕಲ್ ಸೀರೆಯ ಒಡಲಿನ ಹಾಸೇ, ಎಂದರೆ ಮಗ್ಗಕ್ಕೆ ಉದ್ದಕ್ಕೆ ಹಾಸುವ ಎಳೆಗಳೇ, ಬೇರೆ, ಸೆರಗಿನ ಹಾಸೇ ಬೇರೆ. ಒಡಲು ನೇಯ್ದು ಮುಗಿದ ಮೇಲೆ, ಅದರ ಒಂದೊಂದು ಎಳೆಯನ್ನೂ ಸೆರಗಿನ ರೇಷ್ಮೆಯ ಒಂದೊಂದು ಎಳೆಗೆ ಕುಣಿಕೆ ಹಾಕಿ ಸೇರಿಸಬೇಕು. ಇದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಾರು ಎಳೆಗಳ ಈ ಕೆಲಸ ಮುರ್ತುಜಸಾಬನ ಮನೆಯಲ್ಲಿ ಹೆಂಡತಿ ಜುಲೇಖಾಳದಾಗಿತ್ತು. ಮೊದಲ ಕೊಂಡಿಯನ್ನು ಅವಳು ಎರಡು ಸಲ ಸುತ್ತುತ್ತಿದ್ದಳು. ಉಳಿದವೆಲ್ಲ ಅದರ ಭರವಸೆಯ ಮೇಲೆ ನಿಂತಿವೆ ಎನ್ನುತ್ತಿದ್ದಳು. ಕಡೆಯ ಸೀರೆಗೆ ಕೊಂಡಿ ಹಾಕಿ ಎದ್ದವಳು ಹಾಸಿಗೆ ಹಿಡಿದಳು. ಅವಳ ಕಣ್ಣೆದುರಿಗೇ ಅವನು ಸೆರಗು ನೇಯ್ದು ಮುಗಿಸಿದ. ಅವಳು ಸತ್ತ ತಿಂಗಳಲ್ಲೇ ಸಂಗ್ರಹಾಲಯದವರು ಆ ಸೀರೆ ಕೇಳಿದಾಗ, ಅವಳ ಹೆಸರು ಬರೆಯುವುದಾದರೆ ಬೆಲೆ ಬೇಡವೆಂದು ಒಪ್ಪಿದ. ಆದರೆ ಅವಳ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವ ಮೊದಲು ಅವನು ಊರು ಬಿಡುವಂತಿರಲಿಲ್ಲ. ಆದ್ದರಿಂದ ಆ ಸೀರೆಯನ್ನು ಗೆಳೆಯ ಚಮನಸಾಬನ ಕೈಗೆ ಕೊಟ್ಟು ಕಳಿಸಿದ. ಅನಂತರ ಹನ್ನೊಂದು ವರ್ಷ, ಹೋಗಿ ನೋಡಿದರೆ ಅವಳು ಸತ್ತದ್ದು ಖಾಯಂ ಆಗುತ್ತದೆಂಬ ಅಳುಕಿನಿಂದ ಅವನು ಅತ್ತ ಹೋಗಿರಲಿಲ್ಲ.

ಈ ಸಲ ಹೊರಡಿಸಿದವನು ಗುರಪ್ಪ. ಹುನಗುಂದದ ನಿವೃತ್ತ ಹೆಡ್ಮಾಸ್ತರ. ಬೀರಪ್ಪ ದೇವರ ಭಂಡಾರದ ಅರಿಶಿನವನ್ನು ಹಣೆಗೆ ಹಚ್ಚದೆ ಹೊಸ್ತಿಲು ದಾಟದವನು. ಹುಟ್ಟಿದಾಗಿನಿಂದ ಒಂದೂ ಸುಳ್ಳಾಡಿಲ್ಲವೆಂದು ತಾನೇ ಹೇಳಿಕೊಳ್ಳುವವನು. ಅವನು, ಮುರ್ತುಜಸಾಬ, ಚಮನಸಾಬ ಮೂವರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಬೆಳಿಗ್ಗೆ ಬಾದಾಮಿಯ ಸಂಗ್ರಹಾಲಯ, ಮಧ್ಯಾಹ್ನ ಬಾಗಲಕೋಟೆಯದು, ಸಂಜೆಗೆ ಮನೆ ಎಂದು ಗುರಪ್ಪ ನಿಶ್ಚಯಿಸಿದ. ಕಮತಗಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಚಮನಸಾಬ ಅಮೀನಗಡದಲ್ಲಿ ಬಸ್ಸು ಹತ್ತಿ ಅವರನ್ನು ಕೂಡಿಕೊಂಡ.

“ಏನಲೇ ಮುರ್ತುಜಾ, ಮದಲಗಿತ್ತಿ ನೋಡಾಕ ಹೊಂಟಾಂವನ್ಹಂಗ ಅತ್ತರ ಬಡಕೊಂಡು ಬಂದೀಯಲ್ಲ!” ಎಂದು ಹತ್ತುತ್ತಲೇ ರೇಗಿಸಿದ.

“ಹೌದಲೇ. ಆಕೀನ್ನ ನೋಡಾಕ ಹೊಂಟೇನಿ.”

“ನಿನಗೇನ್ ಕಾಣತೈತಿ ಮಣ್ಣು! ಬಾಗಲಿಗೆ ಸೀರಿ ಉಡಿಸಿ ಇದ ಜುಲೇಖಾ ಅಂದ್ರ ಸಲಾಮ ಹೊಡೀತಿ.”

ಹಿಂದಿನ ಸೀಟಿನವರೂ ನಕ್ಕರು. ಮುರ್ತುಜಸಾಬನೂ ನಕ್ಕ. ಐವತ್ತು ವರ್ಷದಿಂದ ಅವನಿಗೆ ಅದು ರೂಢಿಯಾಗಿತ್ತು.

“ಇವತ್ತ ಆ ಬಾಗಲಕೋಟಿ ಮ್ಯೂಜಿಯಂ ಬಂದ್ ಇರತೈತಿ ಅಂತ ಕೇಳೇನಿ” ಎಂದ ಚಮನಸಾಬ, ಕಿಟಕಿಯಾಚೆ ನೋಡುತ್ತ.

“ಫೋನ್ ಮಾಡಿ ಕೇಳೇನಿ. ತಗದಿರತೈತಿ” ಎಂದ ಗುರಪ್ಪ.

ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ದಡದ ಸಂಗ್ರಹಾಲಯವನ್ನು ಹೊಕ್ಕಾಗ ಗುರಪ್ಪನ ಮುಖ ಗುಡಿ ಹೊಕ್ಕವನ ಮುಖದಂತಾಯಿತು. ಹಳಗನ್ನಡದ ಅಕ್ಷರಗಳನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತ ಅವನು ಶಾಸನವನ್ನು ಗಟ್ಟಿಯಾಗಿ ಓದಿದ. “ಪಟ್ಟದಕಲ್ಲಿನ್ಯಾಗ ಶಿಲ್ಪಿಗೋಳು ತಮ್ಮ ಹೆಸರು ಗೋಡಿ ಮ್ಯಾಲೆ ಕೊರದಾರ. ಇಲ್ಲಿ ನೋಡು, ಇಂಥಾ ಮೂರ್ತಿ ಕಡದಾಂವ ಯಾರೋ, ಯಾವ ಊರಾಂವೋ. ಕಲ್ಲ ಉಳೀತು, ಆಂವ ಉಳೀಲಿಲ್ಲ.”

“ನಮ್ಮಾಕೀ ಹೆಸರು ಐತಿ ನೋಡು” ಎಂದ ಮುರ್ತುಜಸಾಬ, ಮೆಲ್ಲಗೆ, ಆದರೆ ಬಹಳ ಗರ್ವದಿಂದ. ಎದುರಿನ ಮೂರ್ತಿ ಅವನಿಗೆ ಬರಿಯ ಕೆಂಪು ಮಬ್ಬಾಗಿ ಕಾಣುತ್ತಿತ್ತು. ಕೈ ಚಾಚಿ ಅದರ ಸೊಂಟದ ಮೇಲಿನ ಸೀರೆಯ ಮಡಿಕೆಗಳನ್ನು ಮುಟ್ಟಿ ಎಣಿಸಿದ.

ಕಾವಲುಗಾರನ ಸೀಟಿ ಕೇಳಿಸಿತು. “ಏ ಅಜ್ಜಾರ, ಕೈ ತಗೀರಿ! ಮುಟ್ಟಬ್ಯಾಡ್ರಿ ಅಂತ ಬರದದ್ದು ಕಾಣಂಗಿಲ್ಲೇನ್ರಿ?”

“ಕಾಣಂಗಿಲ್ರಿ ಸಾಹೇಬ್ರ, ಅದಕ್ಕ ಮುಟ್ಟಾಕತ್ತಾನ” ಎಂದ ಚಮನಸಾಬ. ಕಾವಲುಗಾರನೂ ನಕ್ಕುಬಿಟ್ಟ. ಆಮೇಲೆ ಚಮನಸಾಬ ಸ್ವರ ತಗ್ಗಿಸಿ ಕೇಳಿದ, “ಬಾಗಲಕೋಟ್ಯಾಗೂ ಹಿಂಗ ಏನ್ರಿ? ಮುಟ್ಟಗೊಡಂಗಿಲ್ಲ?”

“ಎಲ್ಲಾ ಕಡೆ ಹಿಂಗರಿ. ಅಲ್ಲಿ ಗಾಜಿನ ಪೆಟ್ಟಿಗಿ ಇರತಾವು.”

ಚಮನಸಾಬನ ಎದೆಯ ಮೇಲಿನ ಕಲ್ಲು ಇಳಿಯಿತು. ಹನ್ನೊಂದು ವರ್ಷದ ಹಿಂದೆ ಅವನು ಜುಲೇಖಾಳ ಸೀರೆಯನ್ನು ಪುಣೆಯ ಗಿರಾಕಿಯೊಬ್ಬಳಿಗೆ ಮಾರಿ, ಅದೇ ಬಣ್ಣದ ಪವರ್‌ಲೂಮ್ ಸೀರೆಯೊಂದನ್ನು ಮಡಚಿ ಸಂಗ್ರಹಾಲಯಕ್ಕೆ ಕೊಟ್ಟಿದ್ದ. ಯಂತ್ರದ ಸೀರೆಗೆ ಕೊಂಡಿ ಇರುವುದಿಲ್ಲ. ಒಂದೇ ಹಾಸಿನ ಮೇಲೆ ಬಣ್ಣ ಬದಲಿಸಿ ಸೆರಗಿನ ವೇಷ ಹಾಕಿರುತ್ತಾರೆ. ಕಣ್ಣಿದ್ದ ಮುರ್ತುಜಸಾಬ ಅದನ್ನು ಹತ್ತು ಮಾರು ದೂರದಿಂದ ಹಿಡಿಯುತ್ತಿದ್ದ. ಈಗ ಕಣ್ಣಿಲ್ಲ, ಕೈಗೆ ಗಾಜು ಅಡ್ಡ. ಚಮನಸಾಬ ಇಬ್ಬರಿಗೂ ತಾನೇ ಪೇರಲಹಣ್ಣು ಕೊಡಿಸಿದ. ಬಾಗಲಕೋಟೆಯ ಬಸ್ಸನ್ನು ತಾನೇ ಓಡಿಹೋಗಿ ತಡೆದ.

ನವನಗರದ ಆ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವಳು ವಿದ್ಯಾ ಎಂಬ ತರುಣಿ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಬಂದವರು ಯಾರೆಂದು ಗುರಪ್ಪ ಹೇಳಿದೊಡನೆ ಅವಳು ಕುರ್ಚಿ ಬಿಟ್ಟೆದ್ದಳು.

“ಅಯ್ಯ, ಜುಲೇಖಾ ಅವರ ಯಜಮಾನ್ರೇನ್ರಿ? ಬರ್ರಿ, ಬರ್ರಿ. ನಮ್ಮ ಟಿಕೇಟಿನ ಮ್ಯಾಲೂ ನಿಮ್ಮ ಸೀರಿ ಚಿತ್ರಾನ ಐತ್ರಿ.”

ಮುರ್ತುಜಸಾಬ ಪಾದರಕ್ಷೆ ಕಳಚಿಟ್ಟು ಒಳಗೆ ನಡೆದ. ಯಾರೂ ಕಳಚಲು ಹೇಳಿರಲಿಲ್ಲ. ಗಾಜಿಗೆ ಹಣೆ ಹಚ್ಚಿ ನಿಂತಾಗ ಒಳಗಿನ ಕೆಂಪು ಅವನ ಬಲಗಣ್ಣಿನಲ್ಲಿ ಹರಡಿತು. ಕೆಳಗಿನ ಫಲಕದ ಅಕ್ಷರಗಳು ಇರುವೆಗಳ ಸಾಲಿನಂತಿದ್ದವು. “ಓದಪಾ” ಎಂದ. ಗುರಪ್ಪ ಶಾಸನ ಓದಿದ ಧ್ವನಿಯಲ್ಲೇ ಓದಿದ: “ಇಳಕಲ್ ಸೀರೆ. ಕೊಂಡಿ ಹಾಕಿದವರು: ಜುಲೇಖಾ.”

ಹಾಕಿದವರು ಎಂಬ ಗೌರವದ ಬಹುವಚನ ಮುರ್ತುಜಸಾಬನನ್ನು ಅಲುಗಿಸಿತು. ಅವಳು ಬದುಕಿದ್ದಾಗ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ, ಅವನೂ ಕರೆದಿರಲಿಲ್ಲ. ಮೊಮ್ಮಗಳು ಆಫ್ರೀನ ಫೋಟೋ ತರಲು ಹೇಳಿದ್ದಳು. ಗುರಪ್ಪ ಫೋನು ತೆಗೆದು, ಫಲಕದ ಪಕ್ಕದಲ್ಲಿ ಟೊಪ್ಪಿಗೆ ಸರಿಮಾಡಿಕೊಂಡು ನಿಂತ ಅವನ ಚಿತ್ರ ಹಿಡಿದ.

“ಆತಲ್ಲ? ನಡೀರಿ, ಬಸ್ ತಪ್ಪತೈತಿ” ಎಂದ ಚಮನಸಾಬ.

“ತಡೀರಿ ಕಾಕಾ” ಎಂದಳು ವಿದ್ಯಾ. “ನೇಯ್ದವರ ಬಂದಾರಂದ ಮ್ಯಾಲೆ ನಡುವ ಗಾಜ್ಯಾಕ್ರಿ?” ಸೊಂಟದ ಕೀಲಿಕೈಯಿಂದ ಪೆಟ್ಟಿಗೆಯನ್ನು ತೆರೆದುಬಿಟ್ಟಳು.

“ಬ್ಯಾಡವಾ ತಂಗಿ! ಬೆವರಗೈ, ಕಲಿ ಬೀಳತಾವು” ಎಂದು ಚಮನಸಾಬ ಅಡ್ಡಬಂದ.

“ಅವರ ಕೈಯಾಗ ಹುಟ್ಟಿದ್ದಕ್ಕ ಅವರ ಕೈ ಕಲಿ ಹೆಂಗಾಗತೈತ್ರಿ? ಮುಟ್ಟರಿ ಅಜ್ಜಾ. ಕೊಂಡಿ ಎಲ್ಲೈತಿ ಅಂತ ನನಗೂ ತೋರಸ್ರಿ. ಬಂದವರಿಗೆ ಹೇಳಬೇಕಾಗತೈತಿ.”

ಮುರ್ತುಜಸಾಬ “ಬಿಸ್ಮಿಲ್ಲಾ” ಎಂದು ಸೆರಗಿನ ಬೆನ್ನಿಗೆ ಅಂಗೈ ಸೇರಿಸಿದ. ಒಡಲು ಮುಗಿದು ಸೆರಗು ತೊಡಗುವಲ್ಲಿ, ಬಲ ಅಂಚಿನಲ್ಲಿ, ಗಸಗಸೆಕಾಳಿನಷ್ಟು ದಪ್ಪಗೆ ಆ ಎರಡು ಸುತ್ತಿನ ಕೊಂಡಿ ಸಿಗಬೇಕಿತ್ತು. ಬೆರಳು ಅಲ್ಲಿಗೆ ಹೋಯಿತು, ಮುಂದೆ ಜಾರಿತು. ಹಿಂದೆ ಬಂತು, ಮತ್ತೆ ಜಾರಿತು. ಎಡ ಅಂಚಿನವರೆಗೂ ಹೋಗಿ ನೋಡಿದ. ಎಲ್ಲಿಯೂ ಕುಣಿಕೆಯಿಲ್ಲ, ಉಬ್ಬಿಲ್ಲ. ಬಟ್ಟೆ ಎಣ್ಣೆ ಸವರಿದ ಬಂಡೆಯಂತೆ ನುಣ್ಣಗಿತ್ತು. ಮುಟ್ಟಿದ ಕ್ಷಣದಲ್ಲೇ ಅವನಿಗೆ ಯಂತ್ರ ತಿಳಿಯಿತು, ಚಮನಸಾಬ ಮಾಡಿದ್ದು ತಿಳಿಯಿತು, ಹನ್ನೊಂದು ವರ್ಷ ತಿಳಿಯಿತು. ಜೊತೆಗೆ ಇನ್ನೊಂದೂ ತಿಳಿಯಿತು: ಬಾಯಿ ಬಿಟ್ಟರೆ ಕೆಳಗಿನ ಹೆಸರು ಉಳಿಯುವುದಿಲ್ಲ.

“ಎಲ್ಲೈತ್ರಿ ಅಜ್ಜಾ?”

“ಇಲ್ಲೇ… ಇಲ್ಲೇ ಐತವಾ” ಎಂದು ಅವನು ಏನೂ ಇಲ್ಲದ ಜಾಗದ ಮೇಲೆ ಬೆರಳಿಟ್ಟ.

ಗುರಪ್ಪ ಕನ್ನಡಕ ಏರಿಸಿ, ಬಗ್ಗಿ ಸೆರಗನ್ನು ತಿರುವಿದ. ಹುನಗುಂದದ ಕಡೆಯವರು ತಾಯಿಯ ಸೆರಗು ಹಿಡಿದು ನಡೆಯುವಾಗಲೇ ಕೊಂಡಿಯನ್ನು ಕಂಡಿರುತ್ತಾರೆ. “ಇದರಾಗ ಕೊಂಡಿ ಎಲ್ಲೈತೋ? ಇದು ಮಿಶಿನ್ ಸೀರಿ.”

ಮುರ್ತುಜಸಾಬ ತಡವರಿಸಿ ಅವನ ಮಣಿಕಟ್ಟನ್ನು ಹಿಡಿದ. “ಗುರಪ್ಪಾ, ಸುಮ್ಮನಿರಪಾ. ನಿನ್ನ ಕೈ ಮುಗೀತೇನಿ.”

“ಯಾಕ ಸುಮ್ಮನಿರ್ಲಿ? ಇದು ಗುಡಿಯಂಥಾ ಜಾಗಾ. ಇಲ್ಲಿ ಸುಳ್ಳನ್ನ ನಿಂದ್ರಸಬಾರ್ದು. ಐದ ಹೊತ್ತು ನಮಾಜ ಮಾಡಾಂವ ನೀ. ನೀನ ಹೇಳು, ಜುಲೇಖಾ ಇದ್ದಿದ್ರ ಮಿಶಿನ್ ಸೀರಿ ಕೆಳಗ ತನ್ನ ಹೆಸರು ಬರಸ್ಕೋತಿದ್ಲೇನು?”

ಇಷ್ಟು ನುಡಿದು ಗುರಪ್ಪ ನೆಟ್ಟಗೆ ನಿಂತ. ಸತ್ಯವನ್ನು ನುಡಿಯುವವನಿಗೆ ಅದರ ಬೆಲೆಯನ್ನು ಬೇರೊಬ್ಬರು ತೆರುವಾಗ ಬೆನ್ನು ಹಾಗೆ ಸಲೀಸಾಗಿ ನೆಟ್ಟಗಾಗುತ್ತದೆ. ಚಮನಸಾಬ ಗೋಡೆಯ ಮೇಲಿನ ಕೌದಿಯೊಂದನ್ನು ತದೇಕಚಿತ್ತನಾಗಿ ನೋಡುತ್ತಿದ್ದ.

ಮುರ್ತುಜಸಾಬ ಸೀರೆಯಿಂದ ಕೈ ತೆಗೆದ. “ಇಲ್ಲ. ಬರಸ್ಕೋತಿದ್ದಿಲ್ಲ.” ವಿದ್ಯಾಳ ದನಿ ಬಂದ ಕಡೆಗೆ ತಿರುಗಿ ಹೇಳಿದ, “ತಂಗಿ, ಇದು ಆಕೀ ಕೈ ಅಲ್ಲವಾ.”

ವಿದ್ಯಾ ಹೊರಗೆ ಹೋಗಿ ಮೇಲಿನವರಿಗೆ ಫೋನು ಮಾಡಿದಳು. ಮರಳಿ ಬಂದಾಗ ಅವಳ ಧ್ವನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

“ಸೀರಿ ತಗ್ಯಾಕ ಬರಂಗಿಲ್ಲಂತ್ರಿ. ಟಿಕೇಟು, ಕ್ಯಾಲೆಂಡರು ಎಲ್ಲಾದರ ಮ್ಯಾಲೂ ಇದರದ ಚಿತ್ರ ಐತಿ. ಹೆಸರು ಸುಳ್ಳಂದ್ರ ಹೆಸರಷ್ಟ ತಗದುಬಿಡು ಅಂದ್ರು.”

ಫಲಕ ಎರಡು ತುಂಡಿನದು. ಅವಳು ಉಗುರಿನಿಂದ ಮೀಟಿ ಕೆಳಗಿನ ಪಟ್ಟಿಯನ್ನು ಜಾರಿಸಿ ತೆಗೆದಳು. ಮೇಲೆ “ಇಳಕಲ್ ಸೀರೆ” ಎಂಬುದು ಉಳಿಯಿತು. ಗಾಜು ಮುಚ್ಚಿತು, ಕೀಲಿ ತಿರುಗಿತು.

“ಆ ಪಟ್ಟಿ ನನಗ ಕೊಡ್ತೀಯೇನವಾ?”

“ಫೈಲಿಗೆ ಹಚ್ಚಬೇಕ್ರಿ ಅಜ್ಜಾ. ತಪ್ಪ ತಿಳೀಬ್ಯಾಡ್ರಿ.”

ಕಳಚಿಟ್ಟ ಪಾದರಕ್ಷೆಯನ್ನು ಅವನು ಬಾಗಿಲಲ್ಲಿ ಕಾಲಿನಿಂದ ತಡಕಾಡಿದ. ಅದನ್ನು ಸರಿಸಿಕೊಟ್ಟವನು ಚಮನಸಾಬ.

ಮರಳುವ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತರು. ಮುರ್ತುಜಸಾಬ ನಡುವೆ. ಊರು ದಾಟಿದ ಮೇಲೆ ಅವನೇ ಕೇಳಿದ, “ಆಕೀ ಸೀರಿ ಎಲ್ಲಿ ಹೋತು, ಚಮನ್ಯಾ?”

“ಪುಣೇದಾಕಿ ಒಬ್ಬಾಕಿ ಒಯ್ದಳು. ಹನ್ನೊಂದ ವರ್ಷ ಆತಲ್ಲ? ಉಟ್ಟು ಹರದು ಬುಟ್ಟಿ ಮ್ಯಾಲೆ ಮುಚ್ಚಿರಬೇಕು.” ಚಮನಸಾಬ ಗುರಪ್ಪನ ಕಡೆ ಕತ್ತು ಚಾಚಿದ. “ನಾ ಕಳ್ಳ. ಒಪ್ಪಿದೆ. ಆದ್ರ ಈ ಕಳ್ಳನ ಸುಳ್ಳು ಆಕೀ ಹೆಸರನ್ನ ಹನ್ನೊಂದ ವರ್ಷ ಗೋಡಿ ಮ್ಯಾಲೆ ಇಟ್ಟಿತ್ತು. ನಿನ್ನ ಖರೆ ಒಂದ ತಾಸು ಇಡಲಿಲ್ಲ ನೋಡು ಮಾಸ್ತರ.”

“ಖರೇದ್ದು ಖರೇನ” ಎಂದ ಗುರಪ್ಪ.

ಕಮತಗಿ ಬಂತು. ಚಮನಸಾಬ ಇಳಿಯುವಾಗ ಮುರ್ತುಜಸಾಬನ ಭುಜ ತಟ್ಟಿ, “ಶುಕ್ರವಾರ ಬರ್ತೇನಿ, ಚಹಾ ಮಾಡಿಸಿರು” ಎಂದ. ಎಂದಿನಂತೆಯೇ ಎಂದ. ಅಮೀನಗಡದಲ್ಲಿ ಬಸ್ಸು ನಿಂತಾಗ ಗುರಪ್ಪ ಮನೆಗೆಂದು ಕರದಂಟು ಕೊಂಡು ಬಂದು ಕುಳಿತ. ಹುನಗುಂದ ಸಮೀಪಿಸುತ್ತಿದ್ದಂತೆ ಮುರ್ತುಜಸಾಬ ಅವನ ತೋಳನ್ನು ಹುಡುಕಿ ಹಿಡಿದ.

“ಗುರಪ್ಪಾ, ಮೊದಲ ಒಂದ ಫೋಟೋ ಹೊಡದಿದ್ದಿಯಲ್ಲ. ಅದರಾಗ ಹೆಸರು ಬಂದೈತೇನು?”

ಗುರಪ್ಪ ಫೋನು ತೆಗೆದು ನೋಡಿದ. “ಬಂದೈತಿ.”

“ಓದು.”

“ಕೊಂಡಿ ಹಾಕಿದವರು: ಜುಲೇಖಾ.”

ಮುರ್ತುಜಸಾಬ ಕಣ್ಣು ಮುಚ್ಚಿಕೊಂಡು ಕೇಳಿದ. ಇಷ್ಟಾದರೂ ಉಳಿಯಿತು. ಆಫ್ರೀನಳ ಫೋನಿಗೆ ಕಳಿಸಿದರೆ ಅವಳು ದಿನಕ್ಕೊಮ್ಮೆ ಓದಿ ಹೇಳಿಯಾಳು. ಕಣ್ಣು ಪೂರ್ತಿ ಹೋದ ಮೇಲೂ ಕಿವಿ ಇರುತ್ತದೆ.

ಗುರಪ್ಪ ಚಿತ್ರವನ್ನು ದಿಟ್ಟಿಸುತ್ತಿದ್ದ. ಯಂತ್ರದ ಸೀರೆ, ಸುಳ್ಳು ಫಲಕ, ಅದರ ಪಕ್ಕದಲ್ಲಿ ನಗುತ್ತಿರುವ ಗೆಳೆಯ. ತನ್ನ ಕೈಯಿಂದ ಇಂಥದ್ದು ಮುಂದಿನವರಿಗೆ ದಾಟಬಾರದೆಂದು ಅವನ ಅಂತಃಕರಣ ಹೇಳಿತು. ಅವನು ಹೆಬ್ಬೆರಳನ್ನೊತ್ತಿದ. ಅಳಿಸಬೇಕೇ ಎಂದು ಫೋನು ಕೇಳಿತು. ಮತ್ತೊಮ್ಮೆ ಒತ್ತಿದ.

“ಇನ್ನೊಮ್ಮೆ ಓದಪಾ” ಎಂದ ಮುರ್ತುಜಸಾಬ.

ಬಸ್ಸು ಹುನಗುಂದದ ನಿಲ್ದಾಣದೊಳಗೆ ತಿರುಗಿತು. ಗುರಪ್ಪ ಕರದಂಟಿನ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದು ನಿಂತ.

“ಓದಾಕ ಏನೂ ಉಳದಿಲ್ಲೋ” ಎಂದ. ಅವನು ಸುಳ್ಳಾಡುವವನಲ್ಲ.